ಟ್ಯೂಬ್ ಕ್ಯಾಮೆರಾ ವಿಮರ್ಶೆ: ಕಾಯಿಲೆ ಯಾವುದು, ಗುಣ ಯಾವುದು

ಇದು ಹೊಸ ವಸ್ತುವಿನ ವಿಮರ್ಶೆ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. 1980ರ ದಶಕದ ಶುರುವಿನಲ್ಲಿ ತಯಾರಾದ ಒಂದು ಬಣ್ಣದ ವಿಡಿಯೋ ಕ್ಯಾಮೆರಾ. ಒಳಗೆ ಸೆನ್ಸರ್ ಚಿಪ್ ಇಲ್ಲ, ಹೆಬ್ಬೆರಳು ಗಾತ್ರದ ಗಾಜಿನ ಟ್ಯೂಬ್ ಇದೆ. ಒಂದು ಹೆಗಲಿಗೆ ಕ್ಯಾಮೆರಾ, ಇನ್ನೊಂದು ಹೆಗಲಿಗೆ ವಿಸಿಆರ್, ಎರಡರ ನಡುವೆ ಬೆರಳು ದಪ್ಪದ ಕೇಬಲ್ಲು, ಹೀಗೆ ಹೊತ್ತುಕೊಂಡು ಮದುವೆ ವಿಡಿಯೋ ತೆಗೆಯುತ್ತಿದ್ದರಲ್ಲ, ಆ ಕಾಲದ್ದು. ಆನ್‌ಲೈನ್‌ನಲ್ಲಿ ಹಳೇ ಸಾಮಾನು ಮಾರುವವರೊಬ್ಬರಿಂದ ತಗೊಂಡೆ. ಐದು ತಿಂಗಳ ರಜಾದಿನಗಳನ್ನೆಲ್ಲ ಸುರಿದು ರಿಪೇರಿ ಮಾಡಿದೆ. ಈಗ ಆರು ತಿಂಗಳಿಂದ ಬಳಸುತ್ತಿದ್ದೇನೆ. ಕಂಪನಿ, ಮಾಡೆಲ್ ಹೆಸರು ಬರೆಯುವುದಿಲ್ಲ. ನಲವತ್ತು ವರ್ಷ ಕಳೆದ ಮೇಲೆ ಕೆಟ್ಟಿದ್ದಕ್ಕೆ ಮಾಡಿದವರನ್ನು ದೂರುವುದು ನ್ಯಾಯ ಅಲ್ಲ, ಅಲ್ವಾ? ಅಲ್ಲದೆ ಆ ಕಾಲದ ಇಂಥ ಕ್ಯಾಮೆರಾ ಯಾವುದನ್ನು ಬಿಚ್ಚಿದರೂ ಹೆಚ್ಚುಕಡಿಮೆ ಇದೇ ಕಥೆ.

ತಗೊಂಡ ಕಾರಣ ಸರಳ. ಫೋನಿನಲ್ಲಿ "ಹಳೇ ವಿಡಿಯೋ" ಅಂತ ಫಿಲ್ಟರ್‌ಗಳಿವೆ. ಬಣ್ಣ ಸೋರಿರುತ್ತದೆ, ಬಿಳಿಯೆಲ್ಲ ಉಬ್ಬಿಕೊಂಡಿರುತ್ತದೆ, ಪರದೆ ತುಂಬಾ ಗೆರೆ ಓಡುತ್ತಿರುತ್ತದೆ. ಅದರ ಅಸಲಿ ರೂಪ ನೋಡೋಣ ಅಂತ ಆಸೆ. ರಿಪೇರಿ ಮುಗಿಯುವ ಹೊತ್ತಿಗೆ ಗೊತ್ತಾಗಿದ್ದು ಬೇರೆ. ಆ ಫಿಲ್ಟರ್ ಮಾಡಿದವರು ಯಾರೋ ಕಾಯಿಲೆ ಬಿದ್ದ ಕ್ಯಾಮೆರಾವನ್ನು ನೋಡಿ ಅದೇ ಅದರ ಮುಖ ಅಂದುಕೊಂಡಿದ್ದಾರೆ. ಆರೋಗ್ಯವಾಗಿರುವ ಟ್ಯೂಬ್ ಕ್ಯಾಮೆರಾದ ಚಿತ್ರ ಹಾಗಿರುವುದೇ ಇಲ್ಲ.

ಮಾರಿದವರು ಜಾಹೀರಾತಿನಲ್ಲಿ "ಟೆಸ್ಟ್ ಮಾಡಿದೆ, ಆನ್ ಆಗುತ್ತದೆ" ಅಂತ ಬರೆದಿದ್ದರು. ಈ ಮಾತನ್ನು ನೀವೂ ಎಲ್ಲ ಕಡೆ ನೋಡುತ್ತೀರಿ. ಅದರ ಅರ್ಥ ಕೆಂಪು ದೀಪ ಹತ್ತುತ್ತದೆ ಅಂತ ಅಷ್ಟೇ. ಚಿತ್ರ ಬರುತ್ತದೆ ಅಂತ ಅವರೆಲ್ಲೂ ಹೇಳಿರಲಿಲ್ಲ, ನಾನೂ ಕೇಳಲಿಲ್ಲ. ತಪ್ಪು ನನ್ನದೇ. ಆದರೆ ಪಾರ್ಸೆಲ್ ಬಿಚ್ಚಿದಾಗ ನಿಜವಾಗಿ ಸಿಟ್ಟು ಬಂತು. ಕ್ಯಾಮೆರಾವನ್ನು ಲೆನ್ಸ್ ಕೆಳಗೆ ಮಾಡಿ, ತಲೆಕೆಳಗಾಗಿ ನಿಲ್ಲಿಸಿ ಪ್ಯಾಕ್ ಮಾಡಿದ್ದರು. ಟ್ಯೂಬ್ ಕ್ಯಾಮೆರಾವನ್ನು ಹಾಗೆ ಇಡಲೇಬಾರದು. ಟ್ಯೂಬಿನೊಳಗೆ ಕಣ್ಣಿಗೆ ಕಾಣದ ಚೂರುಗಳು ಉದುರಿರುತ್ತವೆ. ಮುಖ ಕೆಳಗಾದರೆ ಅವು ಬಂದು ಚಿತ್ರ ಮೂಡುವ ಪದರದ ಮೇಲೆ ಕೂರುತ್ತವೆ, ಆಮೇಲೆ ಚಿತ್ರದಲ್ಲಿ ಶಾಶ್ವತ ಚುಕ್ಕೆ. ಆಗಿನ ಕೈಪಿಡಿಗಳಲ್ಲೇ ಈ ಎಚ್ಚರಿಕೆ ಇರುತ್ತಿತ್ತು. ನನ್ನ ಟ್ಯೂಬಿನ ಎಡಮೂಲೆಯಲ್ಲಿ ಎರಡು ಸಣ್ಣ ಚುಕ್ಕೆ ಇವೆ. ಮೊದಲೇ ಇದ್ದವೋ ಪ್ರಯಾಣದಲ್ಲಿ ಬಂದವೋ, ಯಾರನ್ನು ಕೇಳೋಣ?

ಟ್ಯೂಬ್ ಏನು ಮಾಡುತ್ತದೆ ಅಂತ ಒಂದು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗಲ್ಲ. ಮುಂಭಾಗದ ಗಾಜಿನ ಒಳಬದಿಗೆ ತೆಳು ಪದರವೊಂದನ್ನು ಬಳಿದಿರುತ್ತಾರೆ. ನನ್ನದು ವಿಡಿಕಾನ್, ಅದರಲ್ಲಿ ಈ ಪದರ ಆಂಟಿಮನಿ ಟ್ರೈಸಲ್ಫೈಡ್. ಬೆಳಕು ಬಿದ್ದ ಕಡೆ ಅದು ಕರೆಂಟ್ ಬಿಡುತ್ತದೆ, ಕತ್ತಲಿದ್ದ ಕಡೆ ತಡೆಯುತ್ತದೆ. ಹೀಗೆ ಲೆನ್ಸ್ ಮೂಡಿಸಿದ ಚಿತ್ರ ಅಲ್ಲಿ ಚಾರ್ಜಿನ ಏರುತಗ್ಗಾಗಿ ಕೂರುತ್ತದೆ. ಹಿಂದುಗಡೆಯಿಂದ ಒಂದು ಎಲೆಕ್ಟ್ರಾನ್ ಕಿರಣ ಗೆರೆ ಗೆರೆಯಾಗಿ ಪದರವನ್ನು ಸವರಿಕೊಂಡು ಬರುತ್ತದೆ, ಎಲ್ಲಿ ಚಾರ್ಜ್ ಖಾಲಿಯಾಗಿದೆಯೋ ಅಲ್ಲಿ ತುಂಬುತ್ತದೆ. ತುಂಬುವಾಗ ಹರಿಯುವ ಕರೆಂಟು ಇದೆಯಲ್ಲ, ಅದೇ ನಮ್ಮ ವಿಡಿಯೋ. ಎಷ್ಟು ಕರೆಂಟು? ನ್ಯಾನೋ ಆಂಪಿಯರ್ ಲೆಕ್ಕ. ಇಷ್ಟು ಚೂರನ್ನು ಹಿಡಿದು ಟಿವಿಗೆ ಸಾಲುವಷ್ಟು ದೊಡ್ಡದು ಮಾಡಬೇಕು.

ವಿಡಿಕಾನ್ ಬಂದಿದ್ದು 1950ರಲ್ಲಿ, ಅಮೆರಿಕದ ಆರ್‌ಸಿಎ ಕಂಪನಿಯ ಪ್ರಯೋಗಾಲಯದಿಂದ. ಆಮೇಲೆ ಸೀಸದ ಆಕ್ಸೈಡ್ ಬಳಸಿದ ಪ್ಲಂಬಿಕಾನನ್ನು ಫಿಲಿಪ್ಸ್ 1960ರ ದಶಕದಲ್ಲಿ ತಂತು, ಟಿವಿ ಸ್ಟುಡಿಯೋಗಳೆಲ್ಲ ಅದಕ್ಕೆ ಮರುಳಾದವು. ಸ್ಯಾಟಿಕಾನ್, ನ್ಯೂವಿಕಾನ್, ಟ್ರಿನಿಕಾನ್ ಎಲ್ಲ ಇದೇ ಮನೆತನದವು. ಗುರುವಿನ ಹತ್ತಿರ, ಶನಿಯ ಹತ್ತಿರ ಚಿತ್ರ ತೆಗೆದ ವೊಯೇಜರ್ ನೌಕೆಗಳ ಕ್ಯಾಮೆರಾದಲ್ಲಿ ಇರುವುದೂ ವಿಡಿಕಾನೇ. 1990ರ ಫೆಬ್ರವರಿಯಲ್ಲಿ ಭೂಮಿಯನ್ನು ಒಂದು ನೀಲಿ ಚುಕ್ಕೆಯಾಗಿ ತೋರಿಸಿದ ಆ ಪ್ರಸಿದ್ಧ ಚಿತ್ರ ಬಂದಿದ್ದು ಇಂಥ ಟ್ಯೂಬಿನಿಂದ. ಇನ್ನೊಂದು ತಮಾಷೆ ಕೇಳಿ. ನಿಮ್ಮ ಫೋನಿನ ಸೆನ್ಸರ್ ಅಳತೆಯನ್ನು ಇಂಚಿನಲ್ಲಿ ಹೇಳುತ್ತಾರಲ್ಲ, ಅಳೆದು ನೋಡಿದರೆ ಅದು ಯಾವತ್ತೂ ಅಷ್ಟಿರುವುದಿಲ್ಲ. ಕಾರಣ ಈ ಟ್ಯೂಬು. ನನ್ನದು 2/3 ಇಂಚಿನ ಟ್ಯೂಬ್, ಅಂದರೆ ಗಾಜಿನ ಹೊರ ಅಡ್ಡಳತೆ. ಚಿತ್ರ ಬೀಳುವ ಜಾಗದ ಮೂಲೆಯಿಂದ ಮೂಲೆಗೆ ಬರೀ 11 ಮಿಲಿಮೀಟರ್. ಟ್ಯೂಬು ಹೋಯಿತು, ಆ ಸುಳ್ಳು ಇಂಚು ಉಳಿಯಿತು.

ಸರಿ, ರಿಪೇರಿಗೆ ಬರೋಣ. ಬಂದ ದಿನವೇ ಪ್ಲಗ್ ಚುಚ್ಚಬೇಡಿ. ಕ್ಯಾಮೆರಾಗೆ ಬೇಕಾದ್ದು 12 ವೋಲ್ಟ್ ಡಿಸಿ, ಅದನ್ನು ಕರೆಂಟ್ ಮಿತಿ ಹಾಕಬಹುದಾದ ಬೆಂಚ್ ಪವರ್ ಸಪ್ಲೈಯಿಂದ ಕೊಡಿ. ಇಡೀ ಕೆಲಸಕ್ಕೆ ನಾನು ಕೊಂಡ ಸಲಕರಣೆಗಳಲ್ಲಿ ಇದಕ್ಕೇ ಪೂರ್ತಿ ಅಂಕ. 1 ಆಂಪಿಯರ್‌ಗೆ ಮಿತಿ ಹಾಕಿ ಸ್ವಿಚ್ ಒತ್ತಿದೆ. ವೋಲ್ಟೇಜ್ ದಡಕ್ಕನೆ ಕುಸಿದು ಮಿತಿಯ ದೀಪ ಹತ್ತಿತು. ಎಲ್ಲೋ ಶಾರ್ಟ್. ಮಾಮೂಲಿ ಅಡಾಪ್ಟರ್ ಆಗಿದ್ದರೆ ಆ ಹೊತ್ತಿಗೆ ಬೋರ್ಡಿನಿಂದ ಹೊಗೆ ಬಂದಿರುತ್ತಿತ್ತು.

ಅಪರಾಧಿ ಒಂದು ಟ್ಯಾಂಟಲಮ್ ಕೆಪಾಸಿಟರ್, ಅಂದರೆ ಚಾರ್ಜ್ ಹಿಡಿದಿಡುವ ಪುಟ್ಟ ಬಿಡಿಭಾಗ. ಕಡಲೆಕಾಳಿನಷ್ಟು, ಹಳದಿ ಬಣ್ಣ, ನೋಡೋಕೆ ಏನೂ ಆಗಿಲ್ಲದಂತೆ ಕೂತಿತ್ತು. ಒಳಗೆ ದ್ರವ ಇರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಸಾಯುವುದು ನಿಧಾನಕ್ಕೆ, ಒಣಗುತ್ತಾ, ಸೋರುತ್ತಾ. ಟ್ಯಾಂಟಲಮ್ ಹಾಗಲ್ಲ, ಒಂದು ದಿನ ಸುಮ್ನೆ ಶಾರ್ಟ್ ಆಗಿಬಿಡುತ್ತದೆ. ಕಂಡುಹಿಡಿದಿದ್ದು ಬೆರಳಿನಿಂದ: ಕರೆಂಟ್ ಮಿತಿಯನ್ನು ಇನ್ನೂ ಇಳಿಸಿ, ಒಂದು ನಿಮಿಷ ಬಿಟ್ಟು, ಆಫ್ ಮಾಡಿ, 12 ವೋಲ್ಟಿನ ಸಾಲಿನಲ್ಲಿರುವ ಒಂದೊಂದನ್ನೇ ಮುಟ್ಟುತ್ತಾ ಹೋದೆ. ಒಂದು ಮಾತ್ರ ಬೆಚ್ಚಗಿತ್ತು. ಹೈ ವೋಲ್ಟೇಜ್ ಭಾಗದ ಹತ್ತಿರ ಮಾತ್ರ ಈ ಬೆರಳಿನ ಆಟ ಬೇಡ. ಟ್ಯೂಬಿಗೆ ಮುನ್ನೂರರ ಆಸುಪಾಸಿನ ವೋಲ್ಟ್ ಹೋಗುತ್ತದೆ, ಕಣ್ಣಿಟ್ಟು ನೋಡುವ ವ್ಯೂಫೈಂಡರಿನ ಪುಟ್ಟ ಪಿಕ್ಚರ್ ಟ್ಯೂಬಿಗೆ ಕಿಲೋವೋಲ್ಟ್ ಲೆಕ್ಕದಲ್ಲಿ. ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಅಲ್ಲಿ ಚಾರ್ಜ್ ಕೂತಿರುತ್ತದೆ, ಹೊಡೆದರೆ ಕೈ ತಾನಾಗಿ ಹಿಂದಕ್ಕೆ ಬಂದು ಪಕ್ಕದಲ್ಲಿರುವ ಏನನ್ನೋ ಒಡೆಯುತ್ತದೆ. ನಾನು ಒಂದು ಲೋಟ ಒಡೆದೆ, ಪುಣ್ಯಕ್ಕೆ ಟ್ಯೂಬ್ ಅಲ್ಲ.

ಎರಡನೇ ಸಲ ಸ್ವಿಚ್ ಒತ್ತಿದಾಗ ಕರೆಂಟ್ ಸರಿಯಾಗಿ ನಿಂತಿತು, ಆದರೆ ವ್ಯೂಫೈಂಡರ್ ಕತ್ತಲು. ಪೂರ್ತಿ ಸತ್ತಿದೆಯಾ, ಅರ್ಧ ಜೀವ ಇದೆಯಾ? ಕರೆಂಟಿನ ಅಲೆಯನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪ್ ತರೋಕೆ ಏಳುವಷ್ಟರಲ್ಲಿ ಪಕ್ಕದ ಕೋಣೆಯಿಂದ ಮಗಳು ಕೂಗಿದಳು. "ಅಪ್ಪಾ, ಅದೇನದು ಕುಯ್ ಅಂತಿದೆ? ನಿಲ್ಸು!" ನನಗೆ ಏನೂ ಕೇಳಿಸುತ್ತಿರಲಿಲ್ಲ. ಆಮೇಲೆ ಹೊಳೆಯಿತು. ನಮ್ಮ ಹಳೇ ಟಿವಿಗಳ ಪ್ಯಾಲ್ ವ್ಯವಸ್ಥೆಯಲ್ಲಿ ಸೆಕೆಂಡಿಗೆ 25 ಚಿತ್ರ, ಒಂದೊಂದಕ್ಕೆ 625 ಗೆರೆ, ಗುಣಿಸಿದರೆ 15,625. ವ್ಯೂಫೈಂಡರಿನ ಟ್ರಾನ್ಸ್‌ಫಾರ್ಮರ್ ಅಷ್ಟು ಸಲ ನಡುಗಿ ಶಿಳ್ಳೆ ಹಾಕುತ್ತದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಇಂಥ ಕೀರಲು ದನಿಗಳನ್ನೇ. ಅವಳಿಗೆ ಕೇಳಿಸಿತು ಅಂದರೆ ಅಡ್ಡಗೆರೆ ಓಡಿಸುವ ಸರ್ಕ್ಯೂಟ್ ಬದುಕಿದೆ ಅಂತ. ಅಲ್ಲಿಂದ ಮುಂದೆ ಬೋರ್ಡ್ ಕೂರಿಸಿ ಆನ್ ಮಾಡಿದಾಗೆಲ್ಲ "ಪುಟ್ಟಾ, ಕೇಳಿಸ್ತಾ?" ಅನ್ನುತ್ತಿದ್ದೆ. ಯಾವ ಮೀಟರೂ ಅಷ್ಟು ಬೇಗ ಉತ್ತರ ಕೊಡಲ್ಲ.

ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಟ್ಟು ಐವತ್ತಕ್ಕೂ ಜಾಸ್ತಿ. ಎಲ್ಲವನ್ನೂ ಬದಲಿಸಿದೆ. ಕೆಟ್ಟಿದ್ದನ್ನು ಮಾತ್ರ ಬದಲಿಸಿ ಅನ್ನುವವರಿದ್ದಾರೆ, ನನಗೆ ಒಪ್ಪಿಗೆ ಇಲ್ಲ. ಬೋರ್ಡುಗಳನ್ನು ರೊಟ್ಟಿ ಮೇಲೆ ರೊಟ್ಟಿ ಇಟ್ಟ ಹಾಗೆ ಒತ್ತೊತ್ತಾಗಿ ಜೋಡಿಸಿರುತ್ತಾರೆ, ಪ್ರತಿ ಸಲ ಬಿಚ್ಚಿದಾಗಲೂ ನಲವತ್ತು ವರ್ಷ ಹಳೆಯ ವೈರುಗಳಲ್ಲಿ ಒಂದೋ ಎರಡೋ ಬುಡದಲ್ಲೇ ಮುರಿಯುತ್ತವೆ. ಬಿಚ್ಚುವುದು ಒಂದೇ ಸಲ ಆಗಲಿ. ಕೆಪಾಸಿಟರಿನ ಒಳಗಿನ ರೋಧ ತೋರಿಸುವ ಇಎಸ್‌ಆರ್ ಮೀಟರ್‌ನಲ್ಲಿ ಅಳೆದರೆ ಮೂರರಲ್ಲಿ ಒಂದು ಹೋಗಿತ್ತು. ಸೋರಿದ್ದು ಗೊತ್ತಾಗುವುದು ಮೂಗಿಗೆ. ಕಾದ ಸೋಲ್ಡರಿಂಗ್ ಐರನ್ ತಾಗಿದ ಕೂಡಲೇ ಹಳಸಿದ ಮೀನಿನ ವಾಸನೆ ಬಂತು ಅಂದರೆ ಆ ಕೆಪಾಸಿಟರಿನ ದ್ರವ ಬೋರ್ಡಿನ ಮೇಲೆ ಹರಿದಿದೆ. ಅದನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯದೆ ಹೊಸದು ಕೂರಿಸಿದರೆ ತಾಮ್ರದ ದಾರಿಯನ್ನು ಅದು ತಿಂದುಹಾಕುತ್ತದೆ.

ಕೆಪಾಸಿಟರ್ ಕಿಟ್ ಬಗ್ಗೆ ಒಂದು ದೂರು. ಈ ಮಾಡೆಲ್‌ಗೆ ಅಂತಲೇ ಜೋಡಿಸಿದ ಕಿಟ್ ಅಂತ ಒಬ್ಬರು ಮಾರುತ್ತಿದ್ದರು, ಹೆಸರು ಬೇಡ. ಬೆಲೆ ಸಸ್ತಾ ಅನಿಸಿ ತರಿಸಿದೆ. ಮೌಲ್ಯಗಳೇನೋ ಸರಿ ಇದ್ದವು, ಎತ್ತರ ಮಾತ್ರ ಹಳೆಯದರ ಒಂದೂವರೆ ಪಟ್ಟು. ಜೋಡಿಸಿ ಮುಚ್ಚಳ ಹಾಕೋಕೆ ಹೋದರೆ ಬೋರ್ಡುಗಳು ಒಂದಕ್ಕೊಂದು ತಾಗುತ್ತಿದ್ದವು. ಹತ್ತು ಹನ್ನೆರಡನ್ನು ಕಿತ್ತು ಮತ್ತೆ ಬೇರೆ ತರಿಸಿ ಹಾಕಬೇಕಾಯಿತು. ಕಿಟ್ ನಂಬಬೇಡಿ. ಪಟ್ಟಿ ನೀವೇ ಮಾಡಿ, ಮೌಲ್ಯದ ಜೊತೆ ಅಡ್ಡಳತೆ ಮತ್ತು ಎತ್ತರ ಬರೆದುಕೊಳ್ಳಿ, 105 ಡಿಗ್ರಿ ಶಾಖ ತಡೆಯುವವನ್ನೇ ಆರಿಸಿ. ಹಳೆಯದನ್ನು ಕೀಳುವ ಮುಂಚೆ ಫೋಟೋ ತೆಗೆದಿಡಿ, ಯಾಕೆಂದರೆ ಬೋರ್ಡಿನ ಮೇಲೆ ಹಾಕಿದ ಗುರುತು ಪ್ಲಸ್ಸಿನದ್ದೋ ಮೈನಸ್ಸಿನದ್ದೋ ಅನ್ನುವುದು ಎಲ್ಲರದ್ದೂ ಒಂದೇ ಥರ ಇರುವುದಿಲ್ಲ.

ಇಷ್ಟಾದ ಮೇಲೂ ಟ್ಯೂಬಿಗೆ ಕಿರಣ ಬಿಡಲಿಲ್ಲ. ಇಲ್ಲಿ ತಾಳ್ಮೆ ಬೇಕು. ಕಿರಣವನ್ನು ಅತ್ತಿತ್ತ ಓಡಿಸುವ ಕಾಯಿಲ್‌ಗಳು ಕೆಲಸ ಮಾಡದೇ ಇದ್ದರೆ ಅದು ಒಂದೇ ಕಡೆ ನಿಂತು ಪದರದ ಮೇಲೆ ಗೆರೆಯನ್ನೋ ಚುಕ್ಕೆಯನ್ನೋ ಸುಟ್ಟುಬಿಡುತ್ತದೆ, ಆ ಕಲೆ ಹೋಗುವುದೇ ಇಲ್ಲ. ಹಾಗಾಗಿ ಟ್ಯೂಬಿನ ಹಿಂದಿನ ಸಾಕೆಟ್ ಕಿತ್ತಿಟ್ಟು, ಬರೀ ಕಾಯಿಲ್‌ಗಳಿಗೆ ಹೋಗುವ ಅಲೆಯನ್ನು ಆಸಿಲೋಸ್ಕೋಪಿನಲ್ಲಿ ನೋಡಿದೆ. ಗರಗಸದ ಹಲ್ಲಿನಂತೆ ಕಾಣಬೇಕು: ಅಡ್ಡಕ್ಕೆ 64 ಮೈಕ್ರೋಸೆಕೆಂಡಿಗೊಂದು ಹಲ್ಲು, ಉದ್ದಕ್ಕೆ 20 ಮಿಲಿಸೆಕೆಂಡಿಗೊಂದು. ಎರಡೂ ಇದ್ದವು. ಆಮೇಲೆ ಸಾಕೆಟ್ ಹಾಕಿ, ಕತ್ತಲ ಕೋಣೆಯಲ್ಲಿ ಟ್ಯೂಬಿನ ಹಿಂಭಾಗವನ್ನೇ ನೋಡುತ್ತಾ ಕೂತೆ. ಹತ್ತು ಸೆಕೆಂಡಿಗೆ ಗಾಜಿನ ಒಳಗೆ ಸಣ್ಣ ಕಿತ್ತಳೆ ಚುಕ್ಕೆ ಹೊಳೆಯಿತು. ಕಿರಣ ಹುಟ್ಟಲು ಕಾಯಬೇಕಾದ ತಂತಿ, 6.3 ವೋಲ್ಟಿನ ಫಿಲಮೆಂಟ್. ಇನ್ನೊಂದು ಹತ್ತು ಸೆಕೆಂಡಿಗೆ ಮಾನಿಟರಿನಲ್ಲಿ, ಮಂಜಿನೊಳಗಿಂದ ಬಂದ ಹಾಗೆ, ನನ್ನದೇ ಟೇಬಲ್ ದೀಪ.

ಕುಣಿಯುವಂಥ ಚಿತ್ರವೇನೂ ಅಲ್ಲ. ನೇರಳೆ ಛಾಯೆ, ದೀಪದ ಜಾಗದಲ್ಲಿ ಚಪ್ಪಟೆ ಬಿಳಿ ಮುದ್ದೆ, ಕೈ ಆಡಿಸಿದರೆ ಕೈ ಹಿಂದೆ ಇನ್ನೊಂದು ಕೈ. ನೋಡಿದ ಗೆಳೆಯ "ವಾಹ್, ಇದೇ ಬೇಕಿದ್ದಿದ್ದು, ಇನ್ನು ಮುಟ್ಟಬೇಡ" ಅಂದ. ಹೆಚ್ಚಿನವರು ನಿಲ್ಲಿಸುವುದು ಇಲ್ಲೇ. ನಾನು ಸರ್ವಿಸ್ ಮ್ಯಾನ್ಯುಯಲ್ ತೆರೆದೆ. ಅದಿಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ, ಒಳಗೆ ಮೂವತ್ತಕ್ಕೂ ಜಾಸ್ತಿ ಟ್ರಿಮ್ಮರ್‌ಗಳಿವೆ, ಅಂದರೆ ತಿರುಗಿಸಿ ಹೊಂದಿಸುವ ಪುಟ್ಟ ತಿರುಪುಗಳು, ಎಲ್ಲ ಒಂದೇ ಥರ ಕಾಣುತ್ತವೆ.

ಮೊದಲು ಬೀಮ್, ಅಂದರೆ ಎಲೆಕ್ಟ್ರಾನ್ ಕಿರಣದ ಬಲ. ಬಿಳಿ ಮುದ್ದೆಯ ಕಾರಣ ಇದು. ತುಂಬಾ ಬೆಳಕು ಬಿದ್ದ ಜಾಗದಲ್ಲಿ ಚಾರ್ಜ್ ಪೂರ್ತಿ ಖಾಲಿಯಾಗಿರುತ್ತದೆ, ಕಿರಣ ದುರ್ಬಲವಾಗಿದ್ದರೆ ಒಂದು ಸುತ್ತಿನಲ್ಲಿ ತುಂಬೋಕೆ ಆಗಲ್ಲ. ಬಾಕಿ ಉಳಿದಿದ್ದು ಮುಂದಿನ ಚಿತ್ರಕ್ಕೆ, ಅದರ ಮುಂದಿನದಕ್ಕೆ. ಮುದ್ದೆ ಅಲ್ಲೇ ಅಂಟಿಕೊಂಡು ಕೂರುತ್ತದೆ. ಟ್ರಿಮ್ಮರ್ ತಿರುಗಿಸಿ ಬೀಮ್ ಏರಿಸಿದೆ. ಕೂದಲೆಳೆಯಷ್ಟು ತಿರುಗಿಸುತ್ತಿದ್ದಂತೆ ಮುದ್ದೆಯೊಳಗೆ ಬಲ್ಬಿನ ಆಕಾರ ಮೂಡಿತು. ಜಾಸ್ತಿ ಏರಿಸಿದರೆ ಮತ್ತೆ ಚಿತ್ರ ಮಸುಕು. ಮುದ್ದೆ ಕರಗಿದ ಜಾಗದಿಂದ ಸ್ವಲ್ಪ ಮುಂದಕ್ಕೆ ನಿಲ್ಲಿಸಬೇಕು, ಅಷ್ಟೇ. ಫೋನಿನ ಫಿಲ್ಟರ್‌ಗಳು ಕಷ್ಟಪಟ್ಟು ತರುವ ಆ ಉಬ್ಬಿದ ಬಿಳಿ, ನೋಡಿ, ಒಂದು ಟ್ರಿಮ್ಮರಿನ ಕಾಲು ತಿರುವು.

ಆಮೇಲೆ ಕಿರಣವನ್ನು ನಡುವಿಗೆ ತರುವ ಕೆಲಸ. ಇಡೀ ರಿಪೇರಿಯಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಇದು. ಟ್ಯೂಬಿನ ಕುತ್ತಿಗೆಯ ಸುತ್ತ ಎರಡು ಅಯಸ್ಕಾಂತದ ಉಂಗುರ ಇರುತ್ತವೆ. ಚಿತ್ರ ಪರೀಕ್ಷಿಸುವ ಚಾರ್ಟಿನ ನಡುವಿನ ಕೂಡುಗೆರೆಗೆ ಕ್ಯಾಮೆರಾ ಇಟ್ಟು, ಕಿರಣದ ಫೋಕಸ್ ಟ್ರಿಮ್ಮರನ್ನು ಮೆಲ್ಲಗೆ ಆ ಕಡೆ ಈ ಕಡೆ ಆಡಿಸಬೇಕು. ಇದು ಲೆನ್ಸಿನ ಫೋಕಸ್ ಅಲ್ಲ, ಟ್ಯೂಬಿನೊಳಗಿನದ್ದು. ಕಿರಣ ಓರೆ ಇದ್ದರೆ ಚಿತ್ರ ಪೂರ್ತಿ ಪಕ್ಕಕ್ಕೆ ಜಾರುತ್ತದೆ. ಉಂಗುರಗಳನ್ನು ಒಂದಕ್ಕೊಂದು ತಿರುಗಿಸುತ್ತಾ ಹೋದರೆ ಒಂದು ಜಾಗದಲ್ಲಿ ಜಾರುವುದು ನಿಂತು, ಚಿತ್ರ ನಡುವಿನ ಬಿಂದುವನ್ನು ಹಿಡಿದುಕೊಂಡು ಬರೀ ಸುತ್ತುತ್ತದೆ, ಮೊಳೆಗೆ ಸಿಕ್ಕಿಸಿದ ಕ್ಯಾಲೆಂಡರ್ ಗಾಳಿಗೆ ಆಡಿದ ಹಾಗೆ. ಅಲ್ಲಿಗೆ ಸರಿ. ನನಗೆ ಎರಡು ಗಂಟೆ ಹಿಡಿಯಿತು. ಒಂದು ಗಂಟೆ ಹಾಳಾಗಿದ್ದು ಕಬ್ಬಿಣದ ಸ್ಕ್ರೂಡ್ರೈವರ್‌ನಿಂದ. ಅದನ್ನು ಉಂಗುರದ ಹತ್ತಿರ ತಂದಾಗೆಲ್ಲ ಚಿತ್ರ ಅದರ ಕಡೆಗೆ ವಾಲುತ್ತಿತ್ತು, ತೆಗೆದರೆ ಮತ್ತೆ ಬೇರೆ ಕಡೆ. ಪ್ಲಾಸ್ಟಿಕ್ ಟ್ರಿಮ್ಮಿಂಗ್ ಕಡ್ಡಿ ತಗೊಳ್ಳಿ.

ಬಣ್ಣದ ಕಥೆಯೂ ಇದಕ್ಕೇ ಅಂಟಿಕೊಂಡಿದೆ. ಸ್ಟುಡಿಯೋ ಕ್ಯಾಮೆರಾಗಳಲ್ಲಿ ಕೆಂಪು, ಹಸಿರು, ನೀಲಿಗೆ ಒಂದೊಂದು ಟ್ಯೂಬ್ ಇರುತ್ತಿತ್ತು. ಮನೆಬಳಕೆಯದಕ್ಕೆ ಒಂದೇ ಟ್ಯೂಬ್. ಅದರ ಮುಖದ ಮೇಲೆ ಕೂದಲಿಗಿಂತ ತೆಳುವಾದ ಬಣ್ಣದ ಪಟ್ಟಿಗಳನ್ನು ಹಾಕಿ, ಕಿರಣ ಆ ಪಟ್ಟಿಗಳನ್ನು ದಾಟುವಾಗ ಬರುವ ಏರಿಳಿತದಿಂದ ಬಣ್ಣವನ್ನು ಹೆಕ್ಕುತ್ತಾರೆ. ಕಿರಣದ ಫೋಕಸ್ ಸ್ವಲ್ಪ ದಪ್ಪಗಾದರೂ ಅದಕ್ಕೆ ಪಟ್ಟಿಗಳು ಬೇರೆಬೇರೆಯಾಗಿ ಸಿಗುವುದಿಲ್ಲ, ಬಣ್ಣ ಕೈಕೊಡುತ್ತದೆ. ನನ್ನ ನೇರಳೆ ಛಾಯೆಯ ಮುಕ್ಕಾಲು ಭಾಗ ಹೋಗಿದ್ದು ಬಣ್ಣದ ಟ್ರಿಮ್ಮರ್ ಮುಟ್ಟಿದ್ದರಿಂದ ಅಲ್ಲ, ಫೋಕಸ್ ಸರಿ ಮಾಡಿದ್ದರಿಂದ. ಇದು ಗೊತ್ತಿಲ್ಲದೆ ಮೊದಲ ವಾರ ಬಣ್ಣದ ಟ್ರಿಮ್ಮರ್‌ಗಳನ್ನು ಗುರುತು ಕೂಡ ಮಾಡಿಕೊಳ್ಳದೆ ತಿರುಗಿಸಿ, ಇದ್ದ ಬಣ್ಣವನ್ನೂ ಕಳೆದುಕೊಂಡಿದ್ದೆ. ಮಾರ್ಕರ್ ಪೆನ್ನಿನಲ್ಲಿ ಒಂದು ಗೆರೆ ಎಳೆಯೋಕೆ ಎರಡು ಸೆಕೆಂಡು ಸಾಕಿತ್ತು.

ಫಿಲ್ಟರ್‌ಗಳಲ್ಲಿ ಓಡುವಂಥ ಉದ್ದುದ್ದ ಗೆರೆಗಳು ನನ್ನ ಪರದೆಯಲ್ಲಿ ಇರಲಿಲ್ಲ, ಕೆಪಾಸಿಟರ್‌ಗಳನ್ನು ಮೊದಲೇ ಬದಲಿಸಿದ್ದೆನಲ್ಲ. ಆದರೆ ಚಿತ್ರದ ಮೇಲೆ ಒಂದು ಸಣ್ಣ ನೇಯ್ಗೆಯಂಥ ಗದ್ದಲ ಇತ್ತು. ಎರಡು ವಾರ ಹುಡುಕಿದೆ. ಕೊನೆಗೆ ನೋಡಿದರೆ ಟ್ಯೂಬಿನ ಪಕ್ಕದಲ್ಲಿ ಆ ಚೂರು ಕರೆಂಟನ್ನು ಮೊದಲು ದೊಡ್ಡದು ಮಾಡುವ ಪ್ರೀಆಂಪ್ಲಿಫೈಯರ್ ಮೇಲಿನ ತಗಡಿನ ಮುಚ್ಚಳಕ್ಕೆ ನಾಲ್ಕು ಸ್ಕ್ರೂ ಇರಬೇಕಾದಲ್ಲಿ ನಾನು ಎರಡೇ ಹಾಕಿದ್ದೆ. ನ್ಯಾನೋ ಆಂಪಿಯರ್ ಅಂದೆನಲ್ಲ, ಆ ಮುಚ್ಚಳ ಅಲಂಕಾರಕ್ಕೆ ಇಟ್ಟಿದ್ದಲ್ಲ.

ಟ್ಯೂಬಿನ ಮೇಲೆ ಹಳೇ ಸುಟ್ಟ ಗುರುತೂ ಇತ್ತು, ಹಿಂದೆ ಯಾರೋ ಪ್ರಖರ ದೀಪದ ಮೇಲೆ ಹಾಯಿಸಿದ ಬಾಲದಂಥ ನೆರಳು. ಹಳಬರು ಹೇಳುವ ಮದ್ದು ಮಾಡಿದೆ. ಬಿಳಿ ಗೋಡೆಗೆ ಸಮನಾಗಿ ಬೆಳಕು ಬಿಟ್ಟು, ಲೆನ್ಸನ್ನು ಔಟ್ ಆಫ್ ಫೋಕಸ್ ಮಾಡಿ, ಗಂಟೆಗಟ್ಟಲೆ ಕ್ಯಾಮೆರಾವನ್ನು ಹಾಗೇ ಓಡಲು ಬಿಟ್ಟೆ. ಮೂರು ದಿನದಲ್ಲಿ ತೆಳುವಾಗಿದ್ದೆಲ್ಲ ಹೋಯಿತು, ಆಳವಾಗಿದ್ದು ಒಂದು ಚಿಕ್ಕ ಕೊಕ್ಕೆಯಂತೆ ಉಳಿದಿದೆ. ಆ ಬಗ್ಗೆ ಬೇಜಾರಿಲ್ಲ. ಚಂದ್ರನ ಮೇಲೇ ಇದಕ್ಕಿಂತ ದೊಡ್ಡ ಅನಾಹುತ ಆಗಿದೆ. 1969ರ ನವೆಂಬರಿನಲ್ಲಿ ಅಪೊಲೊ 12ರ ಅಲನ್ ಬೀನ್ ಟಿವಿ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕೋಕೆ ಒಯ್ಯುವಾಗ ಅದು ಸೂರ್ಯನ ಕಡೆ ತಿರುಗಿತು, ಟ್ಯೂಬು ಸುಟ್ಟಿತು, ಸುತ್ತಿಗೆಯಿಂದ ತಟ್ಟಿ ನೋಡಿದರೂ ಚಿತ್ರ ಬರಲಿಲ್ಲ. ಅದು ನನ್ನದರಂಥ ಮಾಮೂಲಿ ವಿಡಿಕಾನ್ ಅಲ್ಲ, ಆದರೆ ನಿಯಮ ಒಂದೇ: ಕ್ಯಾಮೆರಾ ಆಫ್ ಇದ್ದರೂ ಲೆನ್ಸಿಗೆ ಮುಚ್ಚಳ ಇರಲಿ.

ಈಗ ಚಿತ್ರ ಹೇಗಿದೆ? ಮೆತ್ತಗಿದೆ, ಆದರೆ ಕೊಳಕಾಗಿಲ್ಲ. ಅಡ್ಡಕ್ಕೆ 250 ಗೆರೆಯ ಆಸುಪಾಸಿನ ವಿವರ ಸಿಗುತ್ತದೆ, ಫೋನಿನ ಮುಂದೆ ಅದು ಏನೂ ಅಲ್ಲ. ಮುಖದ ಬಣ್ಣ ಚೆಂದ, ನಿರೀಕ್ಷೆಗಿಂತ ಬಹಳ ಚೆಂದ, ನೆರಳಿನಿಂದ ಬೆಳಕಿಗೆ ಹೋಗುವಾಗ ಎಲ್ಲೂ ಕತ್ತರಿಸಿದ ಹಾಗೆ ಅನಿಸಲ್ಲ. ಮೋಡ ಕವಿದ ಹಗಲಿನಲ್ಲಿ ಮರದ ಕೆಳಗೆ ತೆಗೆದ ಹತ್ತು ನಿಮಿಷವನ್ನು ನಾನು ಎಷ್ಟು ಸಲ ನೋಡಿದ್ದೇನೋ. ಬೆಂಕಿಕಡ್ಡಿ ಗೀರಿ ಆಡಿಸಿದರೆ ಹಿಂದೆ ಬಾಲ ಬರುತ್ತದೆ, ಧೂಮಕೇತುವಿನಂತೆ, ಕೆಂಪಗೆ, ಅರ್ಧ ಸೆಕೆಂಡು. ಇದು ವಿಡಿಕಾನಿನ ಹುಟ್ಟುಗುಣ, ಎಷ್ಟು ಸರಿ ಮಾಡಿದರೂ ಪೂರ್ತಿ ಹೋಗಲ್ಲ, ಹೋಗುವುದೂ ಬೇಡ. ಕಾಯಿಲೆಯ ಬಾಲ ಬೇರೆ: ಅದು ಗೋಡೆ, ಅಂಗಿ, ಮುಖ ಎಲ್ಲದಕ್ಕೂ ಬರುತ್ತದೆ, ಎರಡು ಮೂರು ಸೆಕೆಂಡು ನಿಲ್ಲುತ್ತದೆ. ಒಂದು ಸಲ ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿದರೆ ಮತ್ತೆ ಯಾವತ್ತೂ ಗೊಂದಲ ಆಗಲ್ಲ.

ಬೈಯಬೇಕಾದ್ದೂ ಇದೆ. ಸಂಜೆಯಾದರೆ ಕ್ಯಾಮೆರಾ ಕುರುಡು. ಮನೆಯ ಎಲ್‌ಇಡಿ ದೀಪದಲ್ಲಿ ಚಿತ್ರ ಹಸಿರು ಹಸಿರು, ಬಾಲ ಜಾಸ್ತಿ, ಏನೂ ಉಪಯೋಗವಿಲ್ಲ. ಒಳಗೆ ಹೊರಗೆ ಹೋದಾಗೆಲ್ಲ ಫಿಲ್ಟರ್ ಚಕ್ರ ಬದಲಿಸಿ, ಬಿಳಿ ಕಾಗದ ತೋರಿಸಿ ವೈಟ್ ಬ್ಯಾಲೆನ್ಸ್ ಮಾಡಬೇಕು. ಆನ್ ಮಾಡಿ ಹತ್ತು ನಿಮಿಷ ಬಿಟ್ಟರೆ ಮಾತ್ರ ಬಣ್ಣ ಒಂದು ಕಡೆ ನಿಲ್ಲುತ್ತದೆ. ಭಾರ ಬೇರೆ, ಅರ್ಧ ಗಂಟೆಗೆ ಬಲಭುಜ ಹೋಯಿತು. ವ್ಯೂಫೈಂಡರ್ ಕಪ್ಪುಬಿಳುಪು, ಅದರ ರಬ್ಬರ್ ಕಪ್ ಕರಗಿ ಕಣ್ಣಿನ ಸುತ್ತ ಮಸಿ ಬಳಿಯುತ್ತಿತ್ತು, ಒಳಗಿನ ಸ್ಪಂಜು ಜೋನಿಬೆಲ್ಲದ ಥರ ಆಗಿತ್ತು. ಎಲ್ಲ ಕೆರೆದು ತೆಗೆದೆ. ಜೂಮ್ ಉಂಗುರದ ಗ್ರೀಸ್ ಗಟ್ಟಿಯಾಗಿದೆ, ಅದನ್ನಿನ್ನೂ ಮುಟ್ಟಿಲ್ಲ.

ರೆಕಾರ್ಡ್ ಮಾಡುವ ಬಗ್ಗೆ ಒಂದು ಮಾತು, ಯಾಕೆಂದರೆ ಅಷ್ಟೆಲ್ಲ ಕಷ್ಟಪಟ್ಟ ಚಿತ್ರವನ್ನು ಜನ ಹಾಳು ಮಾಡುವುದು ಇಲ್ಲಿ. ಕ್ಯಾಮೆರಾದಿಂದ ಒಂದೇ ತಂತಿಯಲ್ಲಿ ಬರುವ ಕಂಪೋಸಿಟ್ ಸಿಗ್ನಲ್ಲನ್ನು ಯುಎಸ್‌ಬಿ ಕ್ಯಾಪ್ಚರ್ ಡಬ್ಬಿಗೆ ಕೊಡುತ್ತೇನೆ. ಹಳೇ ಟಿವಿಯಲ್ಲಿ ಒಂದೊಂದು ಚಿತ್ರವೂ ಗೆರೆ ಬಿಟ್ಟು ಗೆರೆ ಎರಡು ಅರ್ಧವಾಗಿ ಬರುತ್ತದೆ, ಅದೇ ಇಂಟರ್‌ಲೇಸ್, ಆ ಅರ್ಧಕ್ಕೆ ಫೀಲ್ಡ್ ಅಂತಾರೆ. ಮೊದಲು ತಗೊಂಡ ಅಗ್ಗದ್ದು ಸೆಕೆಂಡಿನ 50 ಫೀಲ್ಡ್‌ಗಳಲ್ಲಿ ಅರ್ಧವನ್ನು ಎಸೆದು 25 ಚಿತ್ರ ಮಾತ್ರ ಕೊಡುತ್ತಿತ್ತು, ಚಲನೆಯೆಲ್ಲ ತಡವರಿಸಿದ ಹಾಗೆ. ಈಗಿನದು ಇಂಟರ್‌ಲೇಸ್ ಇದ್ದ ಹಾಗೇ ಹಿಡಿಯುತ್ತದೆ, ಆಮೇಲೆ ಕಂಪ್ಯೂಟರಿನಲ್ಲಿ ಒಂದೊಂದು ಫೀಲ್ಡನ್ನೂ ಪೂರ್ತಿ ಚಿತ್ರವಾಗಿಸಿ (ಡಿಇಂಟರ್‌ಲೇಸ್ ಮಾಡಿ) ಸೆಕೆಂಡಿಗೆ 50 ಚಿತ್ರ ತೆಗೆಯುತ್ತೇನೆ. ಆ ಹಳೇ ಟಿವಿಯ ನುಣುಪಾದ, ಎದುರಿಗೇ ನಡೆದಂಥ ಚಲನೆ ಇದೆಯಲ್ಲ, ಅದು ಇರುವುದು ಈ 50ರಲ್ಲಿ. ಬಣ್ಣ ಕೆಡಿಸಿ, ಗೆರೆ ಹಾಕಿ, 25ಕ್ಕೆ ಇಳಿಸಿದರೆ ಹಳೆಯದಾಗಿ ಕಾಣಲ್ಲ, ಕೆಟ್ಟದಾಗಿ ಕಾಣುತ್ತದೆ.

ತಗೊಳ್ಳಬಹುದಾ ಅಂತ ಕೇಳಿದರೆ, ಸೋಲ್ಡರಿಂಗ್ ಬರುತ್ತದೆ, ಸರ್ವಿಸ್ ಮ್ಯಾನ್ಯುಯಲ್ ಸಿಕ್ಕಿದೆ, ಟ್ಯೂಬು ಚೆನ್ನಾಗಿದೆ ಅನ್ನುವುದಾದರೆ ತಗೊಳ್ಳಿ. ಕೆಪಾಸಿಟರ್ ಸಿಗುತ್ತದೆ, ಸ್ವಿಚ್ ಸಿಗುತ್ತದೆ, ಕೇಬಲ್ ನಾವೇ ಮಾಡಬಹುದು. ಟ್ಯೂಬನ್ನು ಮಾತ್ರ ನಮ್ಮ ಮೇಜಿನ ಮೇಲೆ ಮಾಡೋಕೆ ಬರಲ್ಲ. ಹಾಗಾಗಿ ಕೊಳ್ಳುವ ಮುಂಚೆ ಮಾರುವವರನ್ನು ಕೇಳಬೇಕಾದ್ದು ಎರಡೇ: ಟಿವಿಗೆ ಹಾಕಿದಾಗ ಬಂದ ಚಿತ್ರದ ಫೋಟೋ ಕಳಿಸಿ, ಆಮೇಲೆ ಲೆನ್ಸಿಗೆ ಮುಚ್ಚಳ ಹಾಕಿ ಇನ್ನೊಂದು ಕಳಿಸಿ. ಮುಚ್ಚಳ ಹಾಕಿದ್ದರಲ್ಲಿ ಏನಾದರೂ ಆಕಾರ ಕಂಡರೆ ಬಿಟ್ಟುಬಿಡಿ. ಮತ್ತೆ ಪ್ಯಾಕ್ ಹೇಗೆ ಮಾಡಬೇಕು ಅಂತ ನೀವೇ ಬರೆದು ಕಳಿಸಿ.

ನಾನು ಹೋದ ತಿಂಗಳು ಅದೇ ನಂಬರಿನ ಬಳಸದ ಟ್ಯೂಬ್ ಒಂದನ್ನು ಹುಡುಕಿ ತರಿಸಿದೆ. ಈ ಸಲ ಕಳಿಸುವವರಿಗೆ ಮೂರು ಮೆಸೇಜ್ ಹಾಕಿದ್ದೆ. ಪೆಟ್ಟಿಗೆಯ ಎಲ್ಲ ಕಡೆ ಬಾಣ ಬರೆದು ಕಳಿಸಿದ್ದರು. ಈಗ ಅದು ಬೀರುವಿನಲ್ಲಿದೆ, ಮುಖ ಮೇಲೆ ಮಾಡಿ ನಿಲ್ಲಿಸಿದ್ದೇನೆ.